ಕೆಜಿಎಫ್ ಗಣಿಗೆ ಅಣುತ್ಯಾಜ್ಯ: 2012ರಲ್ಲಿ ಆಗಿದ್ದೇನು, ಇಂಥ ಜಾಗ ಆರಿಸೋದು ಹೇಗೆ?

ಕೋಲಾರ: ಕೆಜಿಎಫ್‌ನ ಮುಚ್ಚಿದ ಗಣಿಯಲ್ಲಿ ಅಣು ವಿದ್ಯುತ್ ಸ್ಥಾವರದ ಕಸ ಹೂಳ್ತಾರಂತೆ ಅನ್ನೋ ಮಾತು ಜಿಲ್ಲೆಯಲ್ಲಿ ಪೂರ್ತಿ ಸತ್ತಿಲ್ಲ. ಆ ಮಾತು ಹುಟ್ಟಿದ್ದು ಊರ ಗಾಳಿಸುದ್ದಿಯಿಂದಲ್ಲ, ಸುಪ್ರೀಂ ಕೋರ್ಟ್‌ನಲ್ಲಿ.

2012ರ ನವೆಂಬರ್‌ನಲ್ಲಿ ತಮಿಳುನಾಡಿನ ಕೂಡಂಕುಳಂ ಸ್ಥಾವರದ ವಿರುದ್ಧದ ಕೇಸು ನಡೀತಿತ್ತು. ಅಲ್ಲಿ ಉರಿದು ಮುಗಿದ ಇಂಧನವನ್ನು ಕೊನೆಗೆ ಎಲ್ಲಿಡ್ತೀರಿ ಅನ್ನೋ ಪ್ರಶ್ನೆ ಬಂತು. ಆ ಇಂಧನವನ್ನು ರಷ್ಯಾಕ್ಕೇ ವಾಪಸ್ ಕಳಿಸೋದು ಅಂತ ಮೊದಲು ಒಪ್ಪಂದ ಇತ್ತು. ಆಮೇಲೆ ಭಾರತದಲ್ಲೇ ಇಟ್ಟುಕೊಳ್ಳೋದು ಅಂತ ಬದಲಾಯ್ತು. ಹಾಗಾಗಿ ಜಾಗ ತೋರಿಸಲೇಬೇಕಾಗಿತ್ತು. ಸರ್ಕಾರದ ಕಡೆಯಿಂದ ಬಂದ ಉತ್ತರದಲ್ಲಿ ಕೋಲಾರದ ಪಾಳುಬಿದ್ದ ಚಿನ್ನದ ಗಣಿಯ ಹೆಸರಿತ್ತು.

ಕೋಲಾರದವರಿಗೆ ಇದು ಗೊತ್ತಾಗಿದ್ದು ಪೇಪರ್ ಓದಿದ ಮೇಲೆ. ಕೆಜಿಎಫ್‌ನಲ್ಲಿ ಜನ ಬೀದಿಗಿಳಿದರು. ಆಗ ಕೇಂದ್ರದಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರ, ರಾಜ್ಯದಲ್ಲಿ ಬಿಜೆಪಿ, ವಿಧಾನಸಭೆ ಚುನಾವಣೆಗೆ ಆರೇ ತಿಂಗಳು. ಕೋಲಾರದ ಸಂಸದ ಕೆ.ಎಚ್. ಮುನಿಯಪ್ಪ ಕೇಂದ್ರದಲ್ಲೇ ಮಂತ್ರಿ. ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಇದಕ್ಕೆ ಅವಕಾಶ ಕೊಡಲ್ಲ ಅಂದರು. ಪಕ್ಷ ಯಾವುದೇ ಇರಲಿ, ಆ ವೇಳೆಯಲ್ಲಿ "ತರಲಿ ಬಿಡಿ" ಅನ್ನೋ ಧೈರ್ಯ ಯಾರಿಗೂ ಇರಲಿಲ್ಲ. ಕೆಲವೇ ದಿನಗಳಲ್ಲಿ ಅಣು ಇಲಾಖೆ ಉಲ್ಟಾ ಹೊಡೀತು: ಕೋಲಾರದಲ್ಲಿ ತ್ಯಾಜ್ಯ ಇಡುವ ಯೋಜನೆಯೇ ಇಲ್ಲ, ಅಲ್ಲಿ ಹಿಂದೆ ನಡೆದಿದ್ದು ಬರೀ ಅಧ್ಯಯನ ಅಂತ.

ಅಧ್ಯಯನ ನಡೆದಿದ್ದಂತೂ ನಿಜ. ಭಾಭಾ ಅಣು ಸಂಶೋಧನಾ ಕೇಂದ್ರದವರು ಗಣಿಯ ಬಳಸದ ಭಾಗವೊಂದರಲ್ಲಿ ಸುಮಾರು 1,000 ಮೀಟರ್ ಆಳದಲ್ಲಿ ಎಂಟು ವರ್ಷ ಪ್ರಯೋಗ ಮಾಡಿದ್ದರು. ಬಂಡೆಯೊಳಗೆ ಕರೆಂಟ್ ಹೀಟರ್ ಇಟ್ಟು, ಶಾಖಕ್ಕೆ ಕಲ್ಲು ಹೇಗೆ ವರ್ತಿಸುತ್ತೆ ಅಂತ ನೋಡಿದ್ದು. ಬೇಕಾಗಿದ್ದು ಶಾಖ ಮಾತ್ರ, ಅದಕ್ಕೇ ಹೀಟರ್.

ಈ ಕಸ ಯಾವುದು?

ಸ್ಥಾವರದ ಕೈಗವಸು, ಬಟ್ಟೆ, ಫಿಲ್ಟರ್ ಥರದ ಕಡಿಮೆ ವಿಕಿರಣದ ಕಸಕ್ಕೆ ಅಷ್ಟು ಗಲಾಟೆ ಇಲ್ಲ. ತಲೆನೋವು ಉರಿದ ಇಂಧನದ್ದು. ಭಾರತದಲ್ಲಿ ಅದನ್ನು ಸಂಸ್ಕರಿಸಿ ಪ್ಲುಟೋನಿಯಂ, ಯುರೇನಿಯಂ ತೆಗೀತಾರೆ. ಉಳಿದ ತೀವ್ರ ವಿಕಿರಣದ ದ್ರವವನ್ನು ಗಾಜಿನ ಜೊತೆ ಕರಗಿಸಿ ಉಕ್ಕಿನ ಡಬ್ಬಿಗೆ ತುಂಬ್ತಾರೆ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂನಲ್ಲಿ ಈ ಕೆಲಸಕ್ಕೆ ಘಟಕಗಳಿವೆ. ಡಬ್ಬಿಗಳ ಶಾಖ ಇಳಿಯೋಕೆ ದಶಕಗಳೇ ಬೇಕು. ಹಾಗಾಗಿ ಆಳದ ಗೋದಾಮು ಈಗಲೇ ಬೇಕಿಲ್ಲ ಅನ್ನೋದು ಇಲಾಖೆಯ ವಾದ. ಆದರೆ 2013ರ ಮೇ 6ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕೂಡಂಕುಳಂನಲ್ಲಿ ರಿಯಾಕ್ಟರ್‌ನಿಂದ ಆಚೆ ತಾತ್ಕಾಲಿಕ ಸಂಗ್ರಹಾಗಾರವನ್ನು ಐದು ವರ್ಷದಲ್ಲಿ ಕಟ್ಟಬೇಕು, ಶಾಶ್ವತ ಗೋದಾಮನ್ನೂ ಆದಷ್ಟು ಬೇಗ ಮಾಡಬೇಕು ಅಂತ ಹೇಳಿತು. ಐದು ವರ್ಷದ ಗಡುವು ಸಾಲದೆ ಮತ್ತೆ ಕೋರ್ಟಿಗೇ ಹೋಗಿ ಟೈಮ್ ಕೇಳಬೇಕಾಯ್ತು.

ಹಳೇ ಗಣಿ ಸರಿಹೋಗುತ್ತಾ?

ಆಳವಾದ ಗುಂಡಿ ಇದ್ದರೆ ಸಾಕು ಅನ್ನಿಸಬಹುದು. ಚಾಂಪಿಯನ್ ರೀಫ್ 3 ಕಿಲೋಮೀಟರ್‌ಗೂ ಹೆಚ್ಚು ಆಳ ಇದೆ. ಆದರೆ ಗೋದಾಮಿಗೆ ಬೇಕಾಗಿರೋದು ಕೈ ತಾಗದ, ಬಿರುಕಿಲ್ಲದ, ನೀರು ಹರಿಯದ ಬಂಡೆ. ಕೆಜಿಎಫ್ ಕಲ್ಲನ್ನು ನೂರಿಪ್ಪತ್ತು ವರ್ಷ ಕೊರೆದು ಜರಡಿ ಮಾಡಿದ್ದಾರೆ. ಒಳಗೆ ಬಂಡೆ ಸಿಡಿಯೋದು ಏನು ಅಂತ ಗಣಿ ಕಾರ್ಮಿಕರ ಮನೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2001ರಲ್ಲಿ ಬಿಜಿಎಂಎಲ್ ಮುಚ್ಚಿ ಪಂಪ್ ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿದೆ. ಇನ್ನೊಂದು ನಿಯಮ ಇದೆ: ಮುಂದೆ ಯಾರಾದರೂ ಖನಿಜಕ್ಕಾಗಿ ಅಗೆಯಬಹುದಾದ ಜಾಗ ಬೇಡ. ಸೈನೈಡ್ ದಿಬ್ಬದಿಂದಲೇ ಮತ್ತೆ ಚಿನ್ನ ತೆಗೆಯೋ ಮಾತು ನಡೀತಿರೋ ಊರಿಗೆ ಈ ನಿಯಮ ಹೇಗೆ ಒಪ್ಪುತ್ತೆ?

ಬೋರ್‌ವೆಲ್ ನಂಬಿರುವ ಜಿಲ್ಲೆಯಲ್ಲಿ ಅಂತರ್ಜಲದ ಹೆದರಿಕೆ ಸಹಜ. ವ್ಯಾಪಾರದ ಹೆದರಿಕೆಯೂ ಚಿಕ್ಕದಲ್ಲ. ಒಂದು ಹನಿ ಸೋರದಿದ್ದರೂ, ಹೆಸರು ಕೆಟ್ಟರೆ ಕೋಲಾರದ ಟೊಮೆಟೊ ಲೋಡು ಕೊಳ್ಳೋ ಹೊರರಾಜ್ಯದವನು ಎರಡು ಸಲ ಯೋಚಿಸ್ತಾನೆ. ರಾಬರ್ಟ್‌ಸನ್‌ಪೇಟೆಯಲ್ಲಿ ಅಂಗಡಿ ಮಾರೋಕೆ ಹೋದರೂ ಇದೇ ಕಥೆ.

ಬೇರೆ ದೇಶದಲ್ಲಿ

ಅಮೆರಿಕದಲ್ಲಿ 1986ರಲ್ಲಿ ಮೂರು ಜಾಗ ಕೊನೇ ಸುತ್ತಿಗೆ ಬಂದವು: ಟೆಕ್ಸಾಸ್, ವಾಷಿಂಗ್ಟನ್ ರಾಜ್ಯ, ನೆವಾಡಾದ ಯುಕ್ಕಾ ಬೆಟ್ಟ. ಮೂರನ್ನೂ ಪರೀಕ್ಷಿಸಿ ಆಮೇಲೆ ಆರಿಸಬೇಕಿತ್ತು. 1987ರಲ್ಲಿ ಅಲ್ಲಿನ ಸಂಸತ್ತು ಕಾಯ್ದೆ ತಿದ್ದಿ ನೆವಾಡಾ ಒಂದನ್ನೇ ಉಳಿಸಿತು. ಆಗ ಕೆಳಮನೆಯ ಸ್ಪೀಕರ್ ಟೆಕ್ಸಾಸ್‌ನವರು, ಬಹುಮತದ ನಾಯಕ ವಾಷಿಂಗ್ಟನ್‌ನವರು. ನೆವಾಡಾದಲ್ಲಿ ಒಂದೂ ಅಣು ವಿದ್ಯುತ್ ಸ್ಥಾವರ ಇಲ್ಲ, ದೊಡ್ಡ ಲೀಡರೂ ಇರಲಿಲ್ಲ. ಮುಂದೆ ನೆವಾಡಾದ ಹ್ಯಾರಿ ರೀಡ್ ಸೆನೆಟ್‌ನಲ್ಲಿ ಬಹುಮತದ ನಾಯಕರಾದರು. ಒಬಾಮಾ ಕಾಲದಲ್ಲಿ ಯೋಜನೆಗೆ ದುಡ್ಡು ನಿಂತುಹೋಯ್ತು. ಬಂಡೆ ಅದೇ, ಬದಲಾಗಿದ್ದು ಕುರ್ಚಿ.

ಫಿನ್‌ಲ್ಯಾಂಡ್‌ನಲ್ಲಿ ಲೋಕಲ್ ಪಾಲಿಕೆ ಬೇಡ ಅಂದರೆ ಮುಗೀತು, ಸರ್ಕಾರ ಮುಂದೆ ಹೋಗೋ ಹಾಗಿಲ್ಲ. ಎವುರಾಯೋಕಿ ಅನ್ನೋ ಊರಲ್ಲಿ ಮೊದಲೇ ಅಣು ಸ್ಥಾವರ ಇತ್ತು, ಅದರಿಂದ ತೆರಿಗೆಯೂ ಬರ್ತಿತ್ತು. 2000ರಲ್ಲಿ ಊರಿನ ಕೌನ್ಸಿಲ್ ಒಪ್ಪಿತು. 2001ರಲ್ಲಿ ಸಂಸತ್ತು 159-3 ಮತಗಳಿಂದ ಒಪ್ಪಿತು. ಈಗ 400 ಮೀಟರ್‌ಗೂ ಆಳದಲ್ಲಿ ಗೋದಾಮು ಬಹುಪಾಲು ಸಿದ್ಧವಾಗಿದೆ.

ಬ್ರಿಟನ್ನಿನ ಕಂಬ್ರಿಯಾದ್ದು ನಮ್ಮವರಿಗೆ ಬೇಗ ಅರ್ಥ ಆಗೋ ಕಥೆ. 2013ರ ಜನವರಿಯಲ್ಲಿ ನಮ್ಮ ತಾಲ್ಲೂಕಿನಂಥ ಎರಡು ಕೌನ್ಸಿಲ್‌ಗಳು ಮುಂದುವರಿಯೋಣ ಅಂದವು. ಜಿಲ್ಲಾ ಪಂಚಾಯ್ತಿಯಂಥ ಕೌಂಟಿ ಬೇಡ ಅಂತು. ಅಲ್ಲಿಗೇ ನಿಂತಿತು.

ಇಲ್ಲಿ ಊರಿನವರ ಕೈಯಲ್ಲಿ ಏನಿದೆ?

ಅಂಥ 'ಬೇಡ' ಅನ್ನೋ ಅಧಿಕಾರ ನಮ್ಮ ಗ್ರಾಮ ಪಂಚಾಯ್ತಿಗಾಗಲಿ ನಗರಸಭೆಗಾಗಲಿ ಇಲ್ಲ. ಅಣು ವಿಷಯ ಪೂರ್ತಿ ಕೇಂದ್ರದ್ದು. ಇರೋದು 2006ರ ಪರಿಸರ ಅಧಿಸೂಚನೆಯ ಸಾರ್ವಜನಿಕ ವಿಚಾರಣೆ. ನಡೆಸೋದು ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಬರುವ ಹಿರಿಯ ಅಧಿಕಾರಿಯದು. ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ಅದು ಕನ್ನಡ ಪತ್ರಿಕೆಯಲ್ಲೂ ಬರಬೇಕು. ವರದಿಯ ಪ್ರತಿ ಡಿಸಿ ಕಚೇರಿ, ಜಿಲ್ಲಾ ಪಂಚಾಯ್ತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ನೋಡೋಕೆ ಸಿಗಬೇಕು. ವಿಚಾರಣೆಯಲ್ಲಿ ಓಟು ಹಾಕಿಸಲ್ಲ, ಮಾತು ಬರ್ಕೊಳ್ತಾರೆ ಅಷ್ಟೆ. ಆದರೂ ಕೂಡಂಕುಳಂ ಸಂಗ್ರಹಾಗಾರಕ್ಕೆ 2019ರ ಜುಲೈ 10ಕ್ಕೆ ಇಟ್ಟಿದ್ದ ವಿಚಾರಣೆ ಜನರ ವಿರೋಧದಿಂದಾಗಿ ಮುಂದಕ್ಕೆ ಹೋಯ್ತು.

ಕೋಲಾರದ ವಿಷಯದಲ್ಲಿ 2012ರಲ್ಲಿ ವಿಚಾರಣೆಯೂ ಇರಲಿಲ್ಲ, ನೋಟಿಸೂ ಇರಲಿಲ್ಲ. ಆಗ ಇಲಾಖೆ ಕೊಟ್ಟ "ಯೋಜನೆ ಇಲ್ಲ" ಅನ್ನೋದು ಒಂದು ಹೇಳಿಕೆ. ಕೆಜಿಎಫ್ ಗಣಿಯನ್ನು ಇದಕ್ಕೆ ಬಳಸಕೂಡದು ಅಂತ ಹೇಳೋ ಕಾಯ್ದೆ ಬಂದಿಲ್ಲ.