ಐ.ಎನ್.ಎಸ್. ಚಕ್ರ: ಹೆಸರು ಮತ್ತು ಸೇವಾವಧಿ

ಐ.ಎನ್.ಎಸ್. ಚಕ್ರ: ಸೋವಿಯತ್ ಒಕ್ಕೂಟದಿಂದ, ಮುಂದೆ ರಷ್ಯಾದಿಂದ ಗುತ್ತಿಗೆಗೆ ಪಡೆದ ಎರಡು ಬೇರೆ ಬೇರೆ ಅಣುಶಕ್ತಿಚಾಲಿತ ಜಲಾಂತರ್ಗಾಮಿಗಳಿಗೆ ಭಾರತೀಯ ನೌಕಾಪಡೆ ಇಟ್ಟ ಹೆಸರು. ಎರಡಕ್ಕೂ ಒಂದೇ ಹೆಸರಾದ್ದರಿಂದ ಒಂದರ ವಿವರ ಇನ್ನೊಂದಕ್ಕೆ ಅಂಟಿಕೊಳ್ಳುವುದುಂಟು.

ಎರಡು ನೌಕೆಗಳು

ಮೊದಲನೆಯದು ಕೆ-43. ಗೋರ್ಕಿ ನಗರದಲ್ಲಿ ಕಟ್ಟಿದ ಈ ನೌಕೆ 1967ರಲ್ಲಿ ಸೋವಿಯತ್ ಸೇವೆಗೆ ಸೇರಿತು. 1988ರ ಜನವರಿಯಿಂದ 1991ರ ಜನವರಿಯವರೆಗೆ ಭಾರತದ ಬಳಿಯಿತ್ತು. ಎರಡನೆಯದು ಕೆ-152 ನೇರ್ಪಾ. ಇದು 2012ರ ಏಪ್ರಿಲ್ 4ರಂದು ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿ, 2021ರ ಜೂನ್‌ನಲ್ಲಿ ರಷ್ಯಾಕ್ಕೆ ಮರಳಿತು. ‘ಚಕ್ರ-2’ ಎಂಬುದು ಪತ್ರಿಕೆಗಳು ರೂಢಿಸಿದ ಹೆಸರು.

ಹೆಸರುಗಳ ಗೊಂದಲ

ರಷ್ಯದ ಒಂದು ಜಲಾಂತರ್ಗಾಮಿಗೆ ಕನಿಷ್ಠ ಮೂರು ಗುರುತುಗಳಿರುತ್ತವೆ: ವಿನ್ಯಾಸದ ಯೋಜನಾ ಸಂಖ್ಯೆ, ನೌಕೆಯ ಸಂಖ್ಯೆ, ನೇಟೊ ಕೊಟ್ಟ ಹೆಸರು. ಹಲವು ನೌಕೆಗಳಿಗೆ ಸ್ವಂತ ಹೆಸರೂ ಇದೆ. ನೇಟೊ ಮೊದಲು ರೇಡಿಯೊ ಅಕ್ಷರಮಾಲೆಯ ಪದಗಳನ್ನು ಬಳಸುತ್ತಿತ್ತು. ಕೆ-43ರ ವರ್ಗ ‘ಚಾರ್ಲಿ’ ಆದದ್ದು ಹಾಗೆ. ಅಕ್ಷರಗಳು ತೀರಿದ ಮೇಲೆ ರಷ್ಯನ್ ಪದಗಳನ್ನೇ ಎರವಲು ಪಡೆಯಿತು. ತೊಡಕು ಹುಟ್ಟಿದ್ದು ಇಲ್ಲಿ. ನೇರ್ಪಾ ಸೇರಿದ 971ನೆಯ ಯೋಜನೆಯನ್ನು ನೇಟೊ ‘ಅಕುಲಾ’ (ಶಾರ್ಕ್) ಎನ್ನುತ್ತದೆ. ರಷ್ಯನ್ನರಿಗೆ ಅದು ‘ಶ್ಚೂಕಾ-ಬಿ’. ರಷ್ಯನ್ನರ ‘ಅಕುಲಾ’ ಎಂದರೆ 941ನೆಯ ಯೋಜನೆ, ನೇಟೊ ‘ಟೈಫೂನ್’ ಎಂದು ಕರೆಯುವ, ಮುಳುಗಿದಾಗ ಸುಮಾರು 48,000 ಟನ್ ತೂಗುವ ಬೃಹತ್ ನೌಕೆ. ಹೀಗಾಗಿ ‘ಭಾರತ ಅಕುಲಾ ಪಡೆಯಿತು’ ಎಂಬ ಸಾಲು, ಮೂಲ ಭಾಷೆ ಗೊತ್ತಿಲ್ಲದಿದ್ದರೆ, ನಾಲ್ಕು ಪಾಲು ದೊಡ್ಡದಾದ ಬೇರೊಂದು ನೌಕೆಯತ್ತ ಬೆರಳು ತೋರಿಸಬಹುದು. ನೌಕೆಗಳ ಸ್ವಂತ ಹೆಸರೂ ಸ್ಥಿರವಲ್ಲ: ಕೆ-480 ‘ಬಾರ್ಸ್’ ಮುಂದೆ ‘ಅಕ್ ಬಾರ್ಸ್’ ಆಯಿತು.

ಸೇವಾವಧಿಯ ಲೆಕ್ಕ

ಯಾವ ದಿನದಿಂದ ಎಣಿಸಬೇಕು ಎಂಬುದೇ ಮುಖ್ಯ ಪ್ರಶ್ನೆ. ನೇರ್ಪಾದ ನಿರ್ಮಾಣ 1990ರ ದಶಕದ ಆರಂಭದಲ್ಲಿ ಕೊಮ್ಸೊಮೊಲ್ಸ್ಕ್-ನಾ-ಅಮೂರ್‌ನಲ್ಲಿ ಶುರುವಾಗಿ, ಹಣವಿಲ್ಲದೆ ವರ್ಷಗಟ್ಟಲೆ ನಿಂತಿತು. ಭಾರತದ ಹಣ ಬಂದ ಬಳಿಕ ಮುಂದುವರಿದು 2006ರಲ್ಲಿ ನೀರಿಗಿಳಿಯಿತು. 2008ರ ನವೆಂಬರ್ 8ರಂದು ಪರೀಕ್ಷಾಯಾನದ ವೇಳೆ ಬೆಂಕಿನಂದಕ ಅನಿಲ ಹೊರಬಿದ್ದು 20 ಜನ ಸತ್ತರು. ರಷ್ಯದ ಸೇವೆಗೆ ಸೇರಿದ್ದು 2009ರ ಕೊನೆಯಲ್ಲಿ. ಆದ್ದರಿಂದ 2012ರಲ್ಲಿ ‘ಹೊಸದು’ ಎಂದು ಬಂದ ಚಕ್ರದ ಒಡಲಿಗೆ ಆಗಲೇ ಎರಡು ದಶಕಗಳಷ್ಟು ವಯಸ್ಸಾಗಿತ್ತೆನ್ನಬಹುದು. ಗುತ್ತಿಗೆ ಹತ್ತು ವರ್ಷದ್ದಾದರೂ ನೌಕೆ ಮರಳಿದ್ದು ಅದಕ್ಕೆ ಮೊದಲೇ. ಯಾವ ದಿನದವರೆಗೆ ಎಣಿಸಬೇಕು ಎಂಬುದೂ ಯಾವಾಗಲೂ ಸ್ಪಷ್ಟವಲ್ಲ: 1981ರಲ್ಲಿ ಸೇವೆಗೆ ಸೇರಿದ ಟೈಫೂನ್ ವರ್ಗದ ‘ದ್ಮಿತ್ರಿ ದೊನ್ಸ್ಕೊಯ್’ ಒಂದು ದಶಕಕ್ಕೂ ಹೆಚ್ಚು ಕಾಲ ದುರಸ್ತಿಯಲ್ಲೇ ಕಳೆಯಿತು. 2022ರಲ್ಲಿ ಅದರ ನಿವೃತ್ತಿಯ ಸುದ್ದಿ ಬಂತು, ಬಳಿಕ ಅಲ್ಲಗಳೆಯಲಾಯಿತು, 2023ರಲ್ಲಿ ಖಚಿತವಾಯಿತು.

ಹಜೀರಾದ ನಂಟು

ಚಕ್ರಗಳಲ್ಲಿ ಗಳಿಸಿದ ಅನುಭವ ದೇಶೀಯ ಅರಿಹಂತ್ ವರ್ಗದ ಜಲಾಂತರ್ಗಾಮಿಗಳಿಗೆ ಒದಗಿತು. ಅರಿಹಂತ್‌ನ ಒಡಲಿನ ಭಾಗಗಳನ್ನು ಸೂರತ್ ಬಳಿ, ತಾಪಿ ನದಿ ಸಮುದ್ರ ಸೇರುವ ಹಜೀರಾದ ಎಲ್ ಅಂಡ್ ಟಿ ಕಾರ್ಖಾನೆಯಲ್ಲಿ ತಯಾರಿಸಿ, ವಿಶಾಖಪಟ್ಟಣದಲ್ಲಿ ಜೋಡಿಸಲಾಯಿತು. 2009ರಲ್ಲಿ ನೀರಿಗಿಳಿದ ನೌಕೆ ಸೇವೆಗೆ ಸೇರಿದ್ದು 2016ರಲ್ಲಿ. ಗೊಂದಲ ಇಲ್ಲಿಯೂ ತಪ್ಪಲಿಲ್ಲ: ವರ್ಷಗಳ ಕಾಲ ‘ಅರಿಧಮನ್’ ಎಂದು ವರದಿಯಾದ ಎರಡನೆಯ ನೌಕೆ 2024ರ ಆಗಸ್ಟ್ 29ರಂದು ‘ಅರಿಘಾತ್’ ಎಂಬ ಹೆಸರಿನಲ್ಲಿ ಸೇವೆಗೆ ಬಂತು, ಹಳೆಯ ಹೆಸರು ಮೂರನೆಯದಕ್ಕೆ ಹೋಯಿತು. ಹೆಸರು ನೌಕೆಯಿಂದ ನೌಕೆಗೆ ದಾಟುತ್ತದೆ, ನಿರ್ಮಿಸಿದ ದೇಶ ಕೊಟ್ಟ ನೌಕೆಯ ಸಂಖ್ಯೆ ಸಾಮಾನ್ಯವಾಗಿ ಒಡಲಿನೊಂದಿಗೇ ಉಳಿಯುತ್ತದೆ. ಹೀಗಾಗಿ ಇಂಥ ನೌಕೆಗಳ ದಾಖಲೆಯಲ್ಲಿ ಹೆಸರಿನ ಪಕ್ಕದಲ್ಲಿ ಸಂಖ್ಯೆಯನ್ನೂ, ನಿರ್ಮಾಣ, ನೀರಿಗಿಳಿಕೆ, ಸೇರ್ಪಡೆಯ ದಿನಾಂಕಗಳನ್ನು ಬೇರೆ ಬೇರೆಯಾಗಿಯೂ ಕೊಡುವುದು ಅಗತ್ಯ.