ಹಿಮದ ನಾಡಿಗೆ ವಲಸೆ: ಲಾಭವೆಷ್ಟು, ನಷ್ಟವೆಷ್ಟು?

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಲ್ಲಿ ಚಳಿಗಾಲವೆಂದರೆ ಡಿಸೆಂಬರ್-ಜನವರಿಯ ಕೆಲವು ವಾರಗಳ ಮಾತು. ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಒಂದು ಕೌದಿ ಹೊದ್ದು ಮಲಗಿ, ಬೆಳಗಿನ ಜಾವ ಬೆಂಕಿ ಕಾಯಿಸಿಕೊಂಡರೆ ಥಂಡಿಯ ಕಾಟ ಮುಗಿಯಿತು. ಇದೇ ಜನವರಿಯಲ್ಲಿ ಅಮೆರಿಕಾದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದ ಸರಾಸರಿ ಕನಿಷ್ಠ ಉಷ್ಣಾಂಶ ಮೈನಸ್ 13 ಡಿಗ್ರಿ. ಹಗಲಿನ ಸರಾಸರಿ ಗರಿಷ್ಠವೂ ಶೂನ್ಯದ ಕೆಳಗೇ. ವರ್ಷಕ್ಕೆ ಅಲ್ಲಿ ಬೀಳುವ ಹಿಮ ನಾಲ್ಕು ಅಡಿಗೂ ಹೆಚ್ಚು.

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಹಳ್ಳಿಯ ಮನೆಗಳ ಮಕ್ಕಳಿಗೆ ಅಮೆರಿಕಾದ ವಿಶ್ವವಿದ್ಯಾಲಯದ ಪ್ರವೇಶಪತ್ರವೋ ಕಂಪನಿಯ ನೇಮಕಪತ್ರವೋ ಬಂದಾಗ, ಅದರಲ್ಲಿರುವ ಊರಿನ ಹೆಸರು ಕ್ಯಾಲಿಫೋರ್ನಿಯಾದ್ದೇ ಆಗಿರಬೇಕೆಂದಿಲ್ಲ. ಮಿನೆಸೋಟ, ಮಿಷಿಗನ್, ವಿಸ್ಕಾನ್ಸಿನ್, ಇಲಿನಾಯ್, ಒಹಾಯೊ, ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗ - ಇವೆಲ್ಲ ಹಿಮ ಬೀಳುವ ಸೀಮೆಗಳು. ಆಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಸಂಬಳದ್ದಲ್ಲ, ಚಳಿಯದ್ದು.

ಈ ಭಯಕ್ಕೆ ಕಾರಣವಿಲ್ಲದಿಲ್ಲ. ಇದೇ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಸಿಲುಕಿದರು. ಆರು ದಿನ ಹಿಮದಡಿ ಹುದುಗಿದ್ದೂ ಜೀವಂತವಾಗಿ ಸಿಕ್ಕರು; ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅಂದಿನಿಂದ ಈ ಭಾಗದ ಹಿರಿಯರಿಗೆ ಹಿಮವೆಂದರೆ ನೆನಪಾಗುವುದು ಆ ಸುದ್ದಿಯೇ. ಆದರೆ 19 ಸಾವಿರ ಅಡಿ ಎತ್ತರದ ಸೇನಾ ಠಾಣೆಯ ಬದುಕಿಗೂ ಬೆಚ್ಚನೆಯ ಮನೆ, ಕಾರು, ಕಚೇರಿಗಳ ನಡುವಿನ ನಗರದ ಬದುಕಿಗೂ ಹೋಲಿಕೆಯಿಲ್ಲ. ಚಳಿರಾಜ್ಯಕ್ಕೆ ಹೋಗಬೇಕೇ ಬೇಡವೇ ಎಂಬುದನ್ನು ತೂಗಿ ನೋಡುವವರು ಮೊದಲು ಈ ಎರಡನ್ನೂ ಬೇರ್ಪಡಿಸಿಕೊಳ್ಳಬೇಕು.

ಹಣ ತೆತ್ತು ಗೆಲ್ಲಬಹುದಾದ ಚಳಿ

ಉಷ್ಣಮಾಪಕದ ಅಂಕಿಗಿಂತ ಗಾಳಿಯೇ ಹೆಚ್ಚು ಅಪಾಯಕಾರಿ ಎಂಬುದು ಹೊಸಬರಿಗೆ ತಡವಾಗಿ ತಿಳಿಯುವ ಸಂಗತಿ. ಉಷ್ಣಾಂಶ ಮೈನಸ್ 18 ಇದ್ದು ಗಂಟೆಗೆ 30 ಕಿ.ಮೀ. ವೇಗದ ಗಾಳಿ ಬೀಸಿದರೆ ಮೈಗೆ ತಾಗುವುದು ಮೈನಸ್ 30ರ ಚಳಿ. ಇದನ್ನು ಅಲ್ಲಿ 'ವಿಂಡ್ ಚಿಲ್' ಎನ್ನುತ್ತಾರೆ. ಅಂಥ ಹೊತ್ತಿನಲ್ಲಿ ಕಿವಿ, ಮೂಗು, ಬೆರಳುಗಳನ್ನು ಮುಚ್ಚದೆ ಹೊರಗೆ ನಿಂತರೆ ಅರ್ಧ ಗಂಟೆಯೊಳಗೆ ಚರ್ಮ ಹೆಪ್ಪುಗಟ್ಟುವ ಸಂಭವವಿದೆ. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 33, ಷಿಕಾಗೊದಲ್ಲಿ ಮೈನಸ್ 31 ಡಿಗ್ರಿ ದಾಖಲಾಗಿತ್ತು. ಹಿಮ, ಮಳೆ ಯಾವುದಕ್ಕೂ ಜಗ್ಗದೆಂದು ಹೆಸರಾದ ಅಮೆರಿಕಾದ ಅಂಚೆ ಇಲಾಖೆಯೇ ಅಂದು ಹಲವು ಭಾಗಗಳಲ್ಲಿ ಬಟವಾಡೆ ನಿಲ್ಲಿಸಿತು.

ಇಂಥ ದಿನಗಳು ವರ್ಷಕ್ಕೆ ಬೆರಳೆಣಿಕೆಯಷ್ಟು. ಉಳಿದ ಚಳಿಗಾಲವನ್ನು ಅಲ್ಲಿನ ಜನ ಸಲಕರಣೆಗಳಿಂದ ನಿಭಾಯಿಸುತ್ತಾರೆ. ಮನೆಗಳ ಗೋಡೆಯೊಳಗೆ ಶಾಖ ಸೋರದಂತೆ ತಡೆಯುವ ಪದರ ಇರುತ್ತದೆ, ಕಿಟಕಿಗೆ ಎರಡು ಪದರದ ಗಾಜು. ನೆಲಮಾಳಿಗೆಯಲ್ಲಿ ಅನಿಲದಿಂದ ಉರಿಯುವ ಫರ್ನೇಸ್ ಇಡೀ ಮನೆಯನ್ನು 20 ಡಿಗ್ರಿಯಲ್ಲಿ ಇಡುತ್ತದೆ. ಮನೆಯೊಳಗಿನ ಚಳಿಯ ಮಟ್ಟಿಗೆ ಹೇಳುವುದಾದರೆ ಜನವರಿಯ ಮಿಶ್ರಿಕೋಟಿಯ ಹೆಂಚಿನ ಮನೆಯೇ ಹೆಚ್ಚು ತಣ್ಣಗೆ! ಮಿನಿಯಾಪೊಲಿಸ್‌ನ ನಗರಮಧ್ಯದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಎರಡನೆಯ ಅಂತಸ್ತಿನಲ್ಲೇ ಹಾದುಹೋಗುವ ಮುಚ್ಚಿದ ಸೇತುವೆಗಳ ಜಾಲವಿದೆ. ಒಟ್ಟು ಉದ್ದ ಸುಮಾರು 15 ಕಿ.ಮೀ. ಕೋಟು ತೊಡದೆಯೇ ಕಚೇರಿಯಿಂದ ಊಟಕ್ಕೆ, ಬ್ಯಾಂಕಿಗೆ ಹೋಗಿಬರಬಹುದು.

ಬಟ್ಟೆಯ ವಿಷಯದಲ್ಲಿ ಹುಬ್ಬಳ್ಳಿಯ ಅಂಗಡಿಯಿಂದ ದಪ್ಪ ಸ್ವೆಟರುಗಳ ಗಂಟು ಹೊತ್ತೊಯ್ಯುವುದು ವ್ಯರ್ಥ ಖರ್ಚು. ಅಲ್ಲಿ ಬೇಕಾದದ್ದು ಗಾಳಿ ತೂರದ ಕೋಟು, ನೀರು ಹೊಗದ ಬೂಟು, ಒಳಗೆ ಮೈಗಂಟಿದ ತೆಳು ಉಣ್ಣೆಯ ಪದರ. ಇವನ್ನು ಅಲ್ಲಿಯೇ ಕೊಳ್ಳುವುದು ಲೇಸು. ಮೊದಲ ವರ್ಷದ ಖರ್ಚು ಎಂದುಕೊಂಡರೆ ಸರಿ. ಒಳ್ಳೆಯ ಕೋಟು ಹತ್ತು ವರ್ಷ ಬಾಳುತ್ತದೆ.

ನಿಜವಾದ ಖರ್ಚು ಇರುವುದು ಕಾರಿನಲ್ಲಿ. ಕೊರೆಯುವ ಚಳಿಯಲ್ಲಿ ಬ್ಯಾಟರಿಯ ಬಲ ಕುಂದುತ್ತದೆ, ರಸ್ತೆಗೆ ಸುರಿಯುವ ಉಪ್ಪು ತಳಭಾಗದ ಕಬ್ಬಿಣವನ್ನು ತಿನ್ನುತ್ತದೆ, ಚಳಿಗಾಲಕ್ಕೆಂದೇ ಬೇರೆ ಟಯರುಗಳನ್ನು ಹಾಕಿಸಬೇಕಾಗುತ್ತದೆ. ಡಾಂಬರಿನ ಮೇಲೆ ಕಣ್ಣಿಗೆ ಕಾಣದಂತೆ ಹೆಪ್ಪುಗಟ್ಟುವ ತೆಳು ಮಂಜುಗಡ್ಡೆ - ಅಲ್ಲಿನವರು ಕರೆಯುವ 'ಬ್ಲ್ಯಾಕ್ ಐಸ್' - ಹಳೆಯ ಚಾಲಕರನ್ನೂ ಜಾರಿಸುತ್ತದೆ. ನ್ಯೂಯಾರ್ಕ್ ರಾಜ್ಯದ ಬಫಲೊ ಸುತ್ತಮುತ್ತ 2022ರ ಕ್ರಿಸ್‌ಮಸ್ ವೇಳೆ ಬೀಸಿದ ಹಿಮಬಿರುಗಾಳಿಗೆ 40ಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ಕಾರುಗಳಲ್ಲಿ ಸಿಲುಕಿಕೊಂಡವರೂ ಇದ್ದರು. ಅಲ್ಲಿನ ಅನುಭವಿಗಳು ಚಳಿಗಾಲವಿಡೀ ಪೆಟ್ರೋಲ್ ಟ್ಯಾಂಕನ್ನು ಅರ್ಧಕ್ಕಿಂತ ಕೆಳಗಿಳಿಯಗೊಡದೆ, ಡಿಕ್ಕಿಯಲ್ಲೊಂದು ಕಂಬಳಿ, ಸಲಿಕೆ ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ.

ಸ್ವಂತ ಮನೆ ಕೊಂಡವರಿಗೆ ಸಲಿಕೆಯ ಕೆಲಸ ತಪ್ಪದು. ಮಿನಿಯಾಪೊಲಿಸ್‌ನಲ್ಲಿ ಹಿಮ ಬೀಳುವುದು ನಿಂತ 24 ಗಂಟೆಯೊಳಗೆ ಮನೆಯ ಮುಂದಿನ ಕಾಲುದಾರಿಯನ್ನು ಮನೆಯವರೇ ತೆರವು ಮಾಡಬೇಕೆಂಬುದು ನಗರಾಡಳಿತದ ನಿಯಮ. ಒದ್ದೆ ಹಿಮ ಕಲ್ಲಿನಷ್ಟು ಭಾರ; ಹೃದ್ರೋಗವುಳ್ಳವರು ಈ ಕೆಲಸಕ್ಕೆ ಇಳಿಯಬಾರದೆಂದು ವೈದ್ಯರು ಪ್ರತಿವರ್ಷ ಎಚ್ಚರಿಸುತ್ತಾರೆ.

ತಟ್ಟೆಯ ಇನ್ನೊಂದು ಬದಿ

ಇಷ್ಟೆಲ್ಲ ಇದ್ದೂ ಕನ್ನಡಿಗರು ಈ ರಾಜ್ಯಗಳಿಗೆ ಹೋದದ್ದೇಕೆ? 1965ರ ವಲಸೆ ಕಾಯಿದೆ ಭಾರತೀಯರಿಗೆ ಬಾಗಿಲು ತೆರೆದಾಗ ಎಂಜಿನಿಯರುಗಳಿಗೆ ಕೆಲಸ ಕೊಟ್ಟ ಊರುಗಳಲ್ಲಿ ಮೋಟಾರು ಕಾರ್ಖಾನೆಗಳ ಡೆಟ್ರಾಯಿಟ್, ವೈದ್ಯರನ್ನು ಕರೆದುಕೊಂಡ ಊರುಗಳಲ್ಲಿ ಷಿಕಾಗೊ ಮುಖ್ಯವಾದವು. ಮಿಷಿಗನ್‌ನ ಪಂಪ ಕನ್ನಡ ಕೂಟ, ಷಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ ಅಮೆರಿಕಾದ ಹಳೆಯ ಕೂಟಗಳ ಸಾಲಿನವು. ಬೆಳಗಾವಿಯಲ್ಲಿ ಪಾಠ ಹೇಳಿದ್ದ ಎ.ಕೆ. ರಾಮಾನುಜನ್ 1962ರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಸೇರಿ 1993ರಲ್ಲಿ ತೀರಿಕೊಳ್ಳುವವರೆಗೂ ಅದೇ ಊರಿನಲ್ಲಿದ್ದರು. 'ಹೊಕ್ಕುಳಲ್ಲಿ ಹೂವಿಲ್ಲ' ಪ್ರಕಟವಾದದ್ದು ಆ ಅವಧಿಯಲ್ಲಿ, 1969ರಲ್ಲಿ. ಚಳಿಗೆ ಕನ್ನಡ ಮುದುಡುತ್ತದೆ ಎನ್ನುವವರಿಗೆ ಇದು ಸಾಕು. ಅಕ್ಕ ವಿಶ್ವ ಕನ್ನಡ ಸಮ್ಮೇಳನಗಳು 2002ರಲ್ಲಿ ಡೆಟ್ರಾಯಿಟ್‌ನಲ್ಲೂ 2008ರಲ್ಲಿ ಷಿಕಾಗೊದಲ್ಲೂ ನಡೆದವು.

ಆರ್ಥಿಕವಾಗಿ ಚಳಿರಾಜ್ಯದ ದೊಡ್ಡ ಲಾಭ ಮನೆಯ ಬೆಲೆ. ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯಲ್ಲಿ ಸಾಧಾರಣ ಮನೆಯೂ ಹತ್ತು ಲಕ್ಷ ಡಾಲರ್ ದಾಟುತ್ತದೆ; ಮಿಷಿಗನ್, ಒಹಾಯೊಗಳಲ್ಲಿ ಅದರ ಸಣ್ಣ ಪಾಲಿನಲ್ಲಿ ಹಿತ್ತಿಲುಳ್ಳ ಮನೆ ಸಿಗುತ್ತದೆ. ಉದ್ಯೋಗದಾತರು ಕಡಿಮೆಯೇನಿಲ್ಲ. ಮಿನೆಸೋಟದಲ್ಲಿ 3ಎಂ, ಟಾರ್ಗೆಟ್ ಕಂಪನಿಗಳ ಕೇಂದ್ರ ಕಚೇರಿಗಳೂ ಮೇಯೊ ಕ್ಲಿನಿಕ್ಕೂ ಇವೆ. ಮಿಷಿಗನ್‌ನಲ್ಲಿ ಫೋರ್ಡ್, ಜನರಲ್ ಮೋಟಾರ್ಸ್. ಸರ್ಕಾರಿ ವಿಶ್ವವಿದ್ಯಾಲಯಗಳು ಹೆಸರಾದವು.

ತೆರಿಗೆಯ ಲೆಕ್ಕ ಮಾತ್ರ ಜಾಗ್ರತೆಯಿಂದ ಮಾಡಬೇಕು. ಟೆಕ್ಸಾಸ್, ಫ್ಲಾರಿಡಾಗಳಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಮಿಷಿಗನ್‌ನಲ್ಲಿ ಶೇ. 4.25, ಇಲಿನಾಯ್‌ನಲ್ಲಿ ಶೇ. 4.95, ಮಿನೆಸೋಟದಲ್ಲಿ ಅತಿ ಹೆಚ್ಚು ಆದಾಯದ ಮೇಲೆ ಶೇ. 9.85. ಇದನ್ನಷ್ಟೇ ನೋಡಿ ದಕ್ಷಿಣಕ್ಕೆ ಹೋದವರು ಟೆಕ್ಸಾಸ್‌ನ ಆಸ್ತಿ ತೆರಿಗೆಯ ಬಿಲ್ಲು ಕಂಡು ಹುಬ್ಬೇರಿಸುತ್ತಾರೆ. ಇಲಿನಾಯ್ ಎರಡನ್ನೂ ವಸೂಲು ಮಾಡುತ್ತದೆ.

ಬೆಚ್ಚನೆಯ ರಾಜ್ಯಗಳು ನಿರಪಾಯಕಾರಿ ಎಂಬ ಭಾವನೆಯೂ ಸರಿಯಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ಗೆ ಬಂದ ಹಿಮಬಿರುಗಾಳಿಗೆ ವಿದ್ಯುತ್ ಜಾಲ ಕುಸಿದು ರಾಜ್ಯ ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. ಮಿನೆಸೋಟದ ಮನೆ ಸಲೀಸಾಗಿ ತಡೆದುಕೊಳ್ಳುವ ಚಳಿ ಅದು. ಅಲ್ಲಿನ ಮನೆಗಳು, ಕೊಳವೆಗಳು, ವಿದ್ಯುತ್ ಸ್ಥಾವರಗಳು ಚಳಿಗೆಂದು ಕಟ್ಟಿದವಾಗಿರಲಿಲ್ಲ. ಆರಿಜೋನಾದ ಫೀನಿಕ್ಸ್‌ನಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ದಾಟಿತ್ತು. ಆ ವರ್ಷ ಅದರ ಸುತ್ತಲಿನ ಮ್ಯಾರಿಕೋಪಾ ಕೌಂಟಿಯಲ್ಲಿ ಬಿಸಿಲಿಗೆ ಸಂಬಂಧಿಸಿದ 645 ಸಾವುಗಳು ದಾಖಲಾದವು.

ಹಾಗೆಂದು ಆಯ್ಕೆಯ ಸ್ವಾತಂತ್ರ್ಯ ಎಲ್ಲರಿಗೂ ಉಂಟೆಂದಲ್ಲ. ಎಚ್-1ಬಿ ವೀಸಾ ಉದ್ಯೋಗದಾತನಿಗೆ ಕಟ್ಟುಬಿದ್ದದ್ದು. ಹೊರದೇಶದಿಂದ ಕರೆಸಿಕೊಳ್ಳುವವರ ಹೊಸ ಅರ್ಜಿಗಳ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ 1 ಲಕ್ಷ ಡಾಲರ್ ಶುಲ್ಕ ಘೋಷಿಸಲಾಯಿತು. ಇಂಥ ಸ್ಥಿತಿಯಲ್ಲಿ ಕೆಲಸ ಸಿಕ್ಕ ಊರೇ ಊರು. ಹವೆಯನ್ನು ಅರಸಿ ರಾಜ್ಯ ಬದಲಿಸುವುದು ಗ್ರೀನ್ ಕಾರ್ಡ್ ಕೈಗೆ ಬಂದವರ ಮಾತು.

ನಾಲ್ಕೂವರೆಗೆ ಸಂಜೆ

ದುಡ್ಡಿಗೆ ಬಗ್ಗದ ಸಂಗತಿ ಕತ್ತಲು. ಮಿನಿಯಾಪೊಲಿಸ್ ಇರುವುದು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲು ಒಂಬತ್ತು ಗಂಟೆಗೂ ಕಡಿಮೆ, ಸೂರ್ಯಾಸ್ತ ಸುಮಾರು ನಾಲ್ಕೂವರೆಗೆ. ಅದೇ ದಿನ ಮಿಶ್ರಿಕೋಟಿಯಲ್ಲಿ 11 ಗಂಟೆಗೂ ಮಿಕ್ಕಿದ ಹಗಲು. ಕತ್ತಲಲ್ಲಿ ಮನೆ ಬಿಟ್ಟು ಕತ್ತಲಲ್ಲೇ ಮರಳುವ ದಿನಚರಿ ತಿಂಗಳುಗಟ್ಟಲೆ ನಡೆದಾಗ ಕೆಲವರಿಗೆ ಮಂಕು ಕವಿಯುತ್ತದೆ. ನಿದ್ದೆ ಹೆಚ್ಚುತ್ತದೆ, ಯಾರೊಡನೆಯೂ ಮಾತು ಬೇಡವೆನಿಸುತ್ತದೆ. ಇದು ಸೋಮಾರಿತನವಲ್ಲ, ಚಳಿಗಾಲದ ಖಿನ್ನತೆ. 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ಇದನ್ನು ವೈದ್ಯಶಾಸ್ತ್ರದಲ್ಲಿ ವಿವರಿಸಿದರು. ಬೆಳಗಿನ ಹೊತ್ತು ಅರ್ಧ ಗಂಟೆ 10,000 ಲಕ್ಸ್ ಪ್ರಕಾಶದ ದೀಪದ ಮುಂದೆ ಕುಳಿತುಕೊಳ್ಳುವುದು ರೂಢಿಯಲ್ಲಿರುವ ಚಿಕಿತ್ಸೆಗಳಲ್ಲೊಂದು. ಕಪ್ಪು ಮೈಬಣ್ಣದವರ ಚರ್ಮಕ್ಕೆ ವಿಟಮಿನ್ ಡಿ ತಯಾರಿಸಲು ಹೆಚ್ಚು ಬಿಸಿಲು ಬೇಕು. ಆ ಅಕ್ಷಾಂಶದ ಚಳಿಗಾಲದ ಸೂರ್ಯನಿಂದ ಅದು ಆಗುವುದಿಲ್ಲ. ಮೀನು, ಮೊಟ್ಟೆ ಮುಟ್ಟದವರು ರಕ್ತಪರೀಕ್ಷೆ ಮಾಡಿಸಿ ವೈದ್ಯರ ಸಲಹೆಯಂತೆ ಮಾತ್ರೆ ತೆಗೆದುಕೊಳ್ಳುವುದು ಒಳ್ಳೆಯದು.

ಅಪ್ಪ-ಅವ್ವ ಬರುವುದು ಯಾವಾಗ?

ಒಕ್ಕಲುತನದ ಮನೆಯಿಂದ ಹೋದವರಿಗೆ ಇನ್ನೊಂದು ತೊಡಕಿದೆ. ಪ್ರವಾಸಿ ವೀಸಾದ ಮೇಲೆ ಬರುವ ತಂದೆ-ತಾಯಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅನುಮತಿ ಸಿಗುತ್ತದೆ. ಚಳಿರಾಜ್ಯದಲ್ಲಿ ಹಿರಿಯರು ಹಾಯಾಗಿ ಇರಬಹುದಾದದ್ದು ಮೇಯಿಂದ ಸೆಪ್ಟೆಂಬರ್‌ವರೆಗೆ. ಜುಲೈನಲ್ಲಿ ಮಿನಿಯಾಪೊಲಿಸ್‌ನ ಸರಾಸರಿ ಗರಿಷ್ಠ ಉಷ್ಣಾಂಶ 28 ಡಿಗ್ರಿ, ಸಂಜೆ ಒಂಬತ್ತರವರೆಗೂ ಬೆಳಕು. ಕೆರೆಯ ದಂಡೆಗೆ, ದೇವಸ್ಥಾನಕ್ಕೆ ಹೋಗಿಬರಬಹುದು. ಆದರೆ ಕಲಘಟಗಿ ಸೀಮೆಯಲ್ಲಿ ಅದು ಮುಂಗಾರಿನ ಕಾಲ: ಕೂರಿಗೆ ಭತ್ತದ ಬಿತ್ತನೆ, ಗೋವಿನಜೋಳದ ಎಡೆ ಹೊಡೆಯುವುದು, ಕಳೆ, ಗೊಬ್ಬರ. ಸುಗ್ಗಿ ಮುಗಿದು, ಕಾಳು ಮನೆ ಸೇರಿ, ರೈತನಿಗೆ ಕೈ ಬಿಡುವಾಗುವುದು ಸಂಕ್ರಾಂತಿಯ ಹೊತ್ತಿಗೆ. ಮಿನೆಸೋಟದ ಅತಿ ಕಠಿಣ ಚಳಿಯೂ ಆಗಲೇ.

ನವಲಗುಂದ, ಅಣ್ಣಿಗೇರಿಯ ಎರೆಹೊಲದವರಿಗೆ ಈ ಲೆಕ್ಕ ತುಸು ಸಲೀಸು. ಅವರ ಹಿಂಗಾರಿ ಜೋಳ, ಕಡಲೆ ಫೆಬ್ರವರಿ-ಮಾರ್ಚ್‌ನಲ್ಲಿ ಕಟಾವಿಗೆ ಬರುತ್ತವೆ. ಮುಂಗಾರಿ ಹೆಸರು ಬಿತ್ತುವುದರೊಳಗೆ ಏಪ್ರಿಲ್, ಮೇ ಎರಡು ತಿಂಗಳು ಸಿಗುತ್ತವೆ. ಏಪ್ರಿಲ್‌ನಲ್ಲೂ ಅಲ್ಲಿ ಒಮ್ಮೊಮ್ಮೆ ಹಿಮ ಬೀಳುತ್ತದೆಯಾದರೂ ನಿಲ್ಲುವುದಿಲ್ಲ.

ಜನವರಿಯಲ್ಲೇ ಬಂದ ತಂದೆ-ತಾಯಿಗೆ ತೊಂದರೆ ಕೊಡುವುದು ಚಳಿಗಿಂತ ಒಂಟಿತನ. ಮಗ-ಸೊಸೆ ಕೆಲಸಕ್ಕೆ ಹೋದ ಮೇಲೆ ಕಾರು ನಡೆಸಲು ಬಾರದ ಹಿರಿಯರು ನಾಲ್ಕು ಗೋಡೆಯೊಳಗೆ ಉಳಿಯುತ್ತಾರೆ. ಗುಡಿಯ ಕಟ್ಟೆಯಿಲ್ಲ, ಓಣಿಯಲ್ಲಿ ಹಾದುಹೋಗುವವರಿಲ್ಲ, ಕಿಟಕಿಯಾಚೆ ಬಿಳುಪು. ಹೊರಗೆ ಒಂದು ಹೆಜ್ಜೆ ಜಾರಿದರೆ ಎಲುಬು ಮುರಿಯುವ ಭಯ. ಪ್ರವಾಸಿಗಳಿಗೆ ಅಲ್ಲಿನ ಆಸ್ಪತ್ರೆಯ ವೆಚ್ಚ ವಿಮೆಯಿಲ್ಲದೆ ಭರಿಸಲಾಗದ್ದು. ಬಾಣಂತನಕ್ಕೆಂದು ಕರೆಸಿಕೊಳ್ಳುವಾಗಲಂತೂ ತಿಂಗಳನ್ನು ಆರಿಸಿಕೊಳ್ಳುವ ಮಾತೇ ಇಲ್ಲ. ಕೂಸಿನ ಕೆಲಸ ಇರುವುದರಿಂದ ಅವ್ವನಿಗೆ ಹೊತ್ತು ಹೋಗುತ್ತದೆ. ಕಷ್ಟವಾಗುವುದು ಜೊತೆಗೆ ಬಂದ ಅಪ್ಪನಿಗೆ. ಅಂಥ ಮನೆಗಳಿಗೆ ಕನ್ನಡ ಕೂಟದ ಸಂಪರ್ಕ, ವಾರಕ್ಕೊಮ್ಮೆ ಹಿರಿಯರನ್ನು ಒಂದೆಡೆ ಸೇರಿಸುವ ಏರ್ಪಾಡು ಇರುವ ಊರು ಸಿಕ್ಕರೆ ಅದೇ ದೊಡ್ಡ ಲಾಭ.

ಊರಿನಲ್ಲಿ ಯಾರಿಗಾದರೂ ಆರೋಗ್ಯ ಕೆಟ್ಟಿತೆಂದು ಹೊರಡಬೇಕಾದಾಗ ಬೆಚ್ಚನೆಯ ರಾಜ್ಯದಲ್ಲಿದ್ದರೆ ಬೇಗ ತಲುಪಬಹುದು ಎಂಬ ವಾದವನ್ನೂ ಕೆಲವರು ಮುಂದಿಡುತ್ತಾರೆ. ಹಿಮದಿಂದ ವಿಮಾನ ರದ್ದಾಗುವ ಒಂದೆರಡು ದಿನಗಳನ್ನು ಬಿಟ್ಟರೆ ಇದರಲ್ಲಿ ಹುರುಳಿಲ್ಲ. ಡಲ್ಲಾಸ್‌ನಿಂದಲೇ ಆಗಲಿ, ಷಿಕಾಗೊದಿಂದಲೇ ಆಗಲಿ, ಹುಬ್ಬಳ್ಳಿಗೆ ಬಂದಿಳಿಯುವಷ್ಟರಲ್ಲಿ ಒಂದು ದಿನ ಪೂರ್ತಿ ಕಳೆದಿರುತ್ತದೆ. ಹಾಗೆ ಅವಸರದಲ್ಲಿ ಹೊರಡುವವರೂ, ಡಿಸೆಂಬರ್ ರಜೆಗೆ ಊರಿಗೆ ಬರುವವರೂ ಅನಿಲದ ಬಿಲ್ಲು ಉಳಿಸಲೆಂದು ಫರ್ನೇಸ್ ಆರಿಸಿ ಬರಬಾರದು. ಕನಿಷ್ಠ 13 ಡಿಗ್ರಿಗೆ ಇಟ್ಟು, ನೀರಿನ ಮುಖ್ಯ ನಲ್ಲಿಯನ್ನು ಮುಚ್ಚಿ, ನೆರೆಯವರ ಕೈಯಲ್ಲಿ ಕೀಲಿ ಕೊಟ್ಟು ಬರಬೇಕು. ಇಲ್ಲವಾದರೆ ಕೊಳವೆಯೊಳಗಿನ ನೀರು ಹೆಪ್ಪುಗಟ್ಟಿ ಒಡೆದು, ಮರಳುವಷ್ಟರಲ್ಲಿ ನೆಲಮಾಳಿಗೆ ಕೆರೆಯಾಗಿರುತ್ತದೆ.