ಟೊಮೆಟೊ ಗಾಡಿಯಲ್ಲಿ ಕಗ್ಗ

ಕಗ್ಗವನ್ನು ಹುರುಪಿನಿಂದ ಓದುವವರನ್ನು ಕಂಡರೆ ನನಗೆ ರೇಗುತ್ತದೆ. ಬೀಳ್ಕೊಡುಗೆ ಸಮಾರಂಭ, ಗೋಡೆ ಕ್ಯಾಲೆಂಡರು, ಬೆಳಗಿನ ವಾಟ್ಸಾಪು, ಎಲ್ಲ ಕಡೆಯೂ ಅದನ್ನು ಟಾನಿಕ್ಕಿನ ಹಾಗೆ ಚಮಚದಲ್ಲಿ ಕುಡಿಸುತ್ತಾರೆ. ಅದು ದುಃಖದ ಪುಸ್ತಕ. ನನಗೆ ಹಾಗನ್ನಿಸಿದ್ದು ಓದಿದಾಗಲ್ಲ, ಮೈಸೂರು ಅನಂತಸ್ವಾಮಿ ರಾಗ ಹಾಕಿ ಹಾಡಿದ ಕ್ಯಾಸೆಟ್ಟು ಮನೆಗೆ ಬಂದ ಮೇಲೆ.

1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ಕ್ಕೆ ಅನಂತಸ್ವಾಮಿ ರಾಗ ಹಾಕಿ ಕ್ಯಾಸೆಟ್ ಬಂದಿತ್ತಲ್ಲ, ಅಲ್ಲಿಂದ ಮುಂದೆ ಭಾವಗೀತೆ ರೇಡಿಯೊ ಬಿಟ್ಟು ಬಸ್‌ಸ್ಟ್ಯಾಂಡಿನ ಅಂಗಡಿಗೂ ಬಂತು. ನಾಡಗೀತೆಗೆ ಅವರದೇ ಧಾಟಿ ಇರಲಿ ಎಂದು ಸರ್ಕಾರ 2022ರಲ್ಲಿ ತೀರ್ಮಾನಿಸಿತು. ಅವರು ತೀರಿಕೊಂಡದ್ದು 1995ರಲ್ಲಿ. ಕಗ್ಗ ಹಾಡುವಾಗ ಅವರ ದನಿಯಲ್ಲಿ ಮೇಷ್ಟರಿಲ್ಲ. ನೊಂದವನೊಬ್ಬ ಪಕ್ಕದಲ್ಲಿ ಕೂತು, ಆತುರವಿಲ್ಲದೆ ಮಾತಾಡಿದಂತಿದೆ.

ಬರೆದವರು ನಮ್ಮ ಮುಳಬಾಗಿಲಿನವರು. ಡಿ.ವಿ.ಜಿ. ಅಲ್ಲಿ ಹುಟ್ಟಿದ್ದು 1887ರ ಮಾರ್ಚ್ 17ರಂದು. ಮೆಟ್ರಿಕ್ ಪಾಸಾಗಲಿಲ್ಲ. ಊರ ಶಾಲೆಯಲ್ಲಿ ಕೆಲಕಾಲ ಬದಲಿ ಮೇಷ್ಟರಾದರು, ಚಿನ್ನದ ಗಣಿಯ ಕಡೆ ಹೋಗಿ ಸೋಡಾ ಫ್ಯಾಕ್ಟರಿ ಸೇರಿದರು, ಬೆಂಗಳೂರಿನಲ್ಲಿ ಜಟಕಾ ಗಾಡಿಗೆ ಬಣ್ಣ ಬಳಿಯುವ ಕೆಲಸಕ್ಕೂ ಹೋದರು. ಕಗ್ಗದಲ್ಲಿ ಜಟಕಾ ಬರುವುದು ಸುಮ್ಮನೆ ಅಲ್ಲ ಅನ್ನಿಸುತ್ತದೆ ನನಗೆ. ಆಮೇಲೆ ಪತ್ರಿಕೆ, ರಾಜಕೀಯ, ಗೋಖಲೆ ಸಂಸ್ಥೆ. ಅದೆಲ್ಲ ಎಲ್ಲರಿಗೂ ಗೊತ್ತಿರುವುದೇ. ಹೆಂಡತಿ ಚಿಕ್ಕ ವಯಸ್ಸಿನಲ್ಲೇ ಹೋದರು, ಇವರು ಮರುಮದುವೆಯಾಗಲಿಲ್ಲ. 1943ರಲ್ಲಿ ‘ಮಂಕುತಿಮ್ಮನ ಕಗ್ಗ’ ಅಚ್ಚಾದಾಗ ಐವತ್ತಾರು ವಯಸ್ಸು. ನಾಲ್ಕು ಸಾಲಿನ 945 ಪದ್ಯ. ದೇವರಿದ್ದಾನೆಯೇ ಎಂಬ ಅನುಮಾನವನ್ನು ಮೊದಲಲ್ಲೇ ಎತ್ತಿಕೊಂಡು ಹೊರಡುವ ಪುಸ್ತಕವನ್ನು ಇವತ್ತು ಉತ್ಸಾಹಕ್ಕೆಂದು ಓದುತ್ತಾರೆ!

ದುಃಖವನ್ನು ಹಾಡಿ ಹಗುರ ಮಾಡಿಕೊಳ್ಳುವುದು ನಮ್ಮ ಸೀಮೆಗೆ ಹೊಸದಲ್ಲ. ಊರಾಚೆ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ಹದಿನೈದನೇ ಶತಮಾನದ ಯತಿ, ವ್ಯಾಸರಾಯರಿಗೆ ಪಾಠ ಹೇಳಿದ ಗುರು. ಅಂಥ ಸಂಸ್ಕೃತ ಪಂಡಿತರು ಕನ್ನಡದಲ್ಲಿ ಹಾಡಲು ಕೂತಾಗ ಆರಿಸಿಕೊಂಡದ್ದು ಏನನ್ನು? ಕೃಷ್ಣ ಬಿಟ್ಟುಹೋದ ಗೋಪಿಯರ ಸಂಕಟವನ್ನು. ಅವರ ‘ಭ್ರಮರಗೀತೆ’, ‘ಗೋಪಿಗೀತೆ’ ಅದೇ. ಕೈವಾರ ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದೆ, 2007ರವರೆಗೆ ನಮ್ಮ ಜಿಲ್ಲೆಯೇ. ಅಲ್ಲಿನ ತಾತಯ್ಯ, ಬಳೆ ಮಾರುತ್ತಿದ್ದ ನಾರೇಯಣಪ್ಪ, ತೆಲುಗಿನಲ್ಲೂ ಕನ್ನಡದಲ್ಲೂ ತತ್ವಪದ ಕಟ್ಟಿದರು.

ನಮ್ಮೂರಲ್ಲಿ ಸಾವಾದ ಮನೆಗೆ ಭಜನೆಯವರು ಬರುತ್ತಿದ್ದರು. ಹೆಣದ ಮುಂದೆ ದೀಪ, ಜಗಲಿಯ ಮೇಲೆ ತಾಳ, ಹಾರ್ಮೋನಿಯಂ, ತಂಬೂರಿ. ತಾತಯ್ಯನ ಪದ ಬೆಳಗಿನ ತನಕ ನಡೆಯೋದು. ಅಳುವವರನ್ನು ಯಾರೂ ಸುಮ್ಮನಿರಿ ಅನ್ನುತ್ತಿರಲಿಲ್ಲ. ಎಲ್ಲರೂ ಹೋಗುವವರೇ ಅಂತ ಪದ ಹೇಳುವುದು, ಮನೆಯವರು ಅಳುವುದು, ನಡುವೆ ಒಂದು ಸುತ್ತು ಕಾಫಿ. ಮೂರು ಗಂಟೆಯ ಹೊತ್ತಿಗೆ ಸತ್ತವನ ಅಣ್ಣನೋ ತಮ್ಮನೋ ತಾನೇ ತಾಳ ಎತ್ತಿಕೊಂಡುಬಿಡುತ್ತಿದ್ದ. ನನ್ನ ಅಪ್ಪ ಹೋದಾಗ ಚಿಕ್ಕಪ್ಪ ಹಾಗೆ ಎತ್ತಿಕೊಂಡರು. ಈಗ ಭಜನೆಯವರು ಸಿಗುವುದು ಕಷ್ಟ, ಮೊಬೈಲಿನಲ್ಲಿ ಹಚ್ಚಿ ಸ್ಪೀಕರಿಗೆ ಕೊಡುತ್ತಾರೆ.

ಹೀಗಾಗಿ ಅನಂತಸ್ವಾಮಿಯವರ ಕಗ್ಗ ನನಗೆ ಹೊಸ ಸಂಗೀತ ಅನ್ನಿಸಲಿಲ್ಲ. ಎಲ್ಲ ಸರಿಹೋಗುತ್ತದೆ ಎಂದು ಅದು ಎಲ್ಲೂ ಮಾತು ಕೊಡುವುದಿಲ್ಲ. ಅದಕ್ಕೇ ಅದನ್ನು ನಂಬಬಹುದು.

ನಂಬಿಕೆ ಬೇಕಾಗುವ ಕಸುಬು ನನ್ನದು. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ ಹದಿನೈದು ಕೇಜಿಯ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಅದು ಪೇಪರಿನಲ್ಲಿ ಬಂತು. ಕೀಳುವ ಕೂಲಿ, ಗಾಡಿ ಬಾಡಿಗೆ ಕೂಡ ಹುಟ್ಟದ ವರ್ಷಗಳು ಎಷ್ಟು ಬಂದು ಹೋದವೋ. ಅಂಥ ಒಂದು ಸಲ, ಬಾಕ್ಸು ತುಂಬಿಕೊಂಡು ಇನ್ನೂ ಕತ್ತಲಿರುವಾಗಲೇ ಹೊರಟಿದ್ದೆವು. ಮಗ ಕ್ಯಾಸೆಟ್ಟಿನ ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ. ಡ್ರೈವರು ತೆಲುಗು ಮನೆಯವನು, ಓದಿದವನಲ್ಲ. ಅವನಿಗೆ ಯಾವಾಗಲೂ ಸಿನಿಮಾ ಹಾಡೇ ಆಗಬೇಕು. ಅವತ್ತು ಏನೂ ಅನ್ನದೆ ನರಸಾಪುರದವರೆಗೆ, ಅಲ್ಲ, ಕೋಲಾರ ಇನ್ನೇನು ಬಂತು ಅನ್ನುವವರೆಗೆ ಕೇಳಿದ.

“ತಿಮ್ಮ ಅನ್ನೋನು ಯಾರಣ್ಣಾ, ಸತ್ತೋದ್ನಾ?”

“ಸತ್ತಿಲ್ಲ ಕಣಪ್ಪಾ. ಅವನಿಗೇ ಹೇಳ್ತಿರೋದು.”

“ಹಂಗಾದ್ರೆ ಇನ್ನೊಂದ್ಸಲ ಪೆಟ್ಟಣ್ಣಾ,” ಅಂದ. ಮಂಡಿಯ ಗೇಟಿನಲ್ಲಿ ಗಾಡಿಗಳ ಸಾಲು ಉದ್ದಕ್ಕಿತ್ತು. ಹಾಕಿದೆ.